ಸಿಪಾಯಿಯ ಶಾಂತಿ ಯಾರ ಹೊಣೆ?

ಯುದ್ಧ ಕಾಗದದ ಮೇಲೆ ಬೇಗ ಮುಗಿಯುತ್ತದೆ. ವಿಯಟ್ನಾಂ ಯುದ್ಧವನ್ನು ನಿಲ್ಲಿಸುವ ಕರಾರಿಗೆ 1973ರ ಜನವರಿ 27ರಂದು ಪ್ಯಾರಿಸ್ಸಿನಲ್ಲಿ ಸಹಿ ಬಿತ್ತು. ಆ ವರ್ಷದ ಮಾರ್ಚಿ ತಿಂಗಳ ಕೊನೆಗೆ ಅಮೆರಿಕದ ಕಾಳಗದ ಪಡೆಗಳ ಕೊನೆಯ ತುಕಡಿ ವಿಮಾನ ಹತ್ತಿತು. ಕರಾರಿನ ಮಾತುಕತೆ ನಡೆಸಿದ ಅಮೆರಿಕದ ಹೆನ್ರಿ ಕಿಸಿಂಜರನಿಗೆ ಅದೇ ವರ್ಷ ನೊಬೆಲ್ ಶಾಂತಿ ಪಾರಿತೋಷಕವೂ ಬಂತು. ಅವನ ಜೊತೆಯಲ್ಲೇ ಪಾರಿತೋಷಕ ಘೋಷಿತವಾದ ವಿಯಟ್ನಾಮಿನ ಲೆ ಡಕ್ ಥೋ ಮಾತ್ರ, ನಮ್ಮ ನಾಡಿನಲ್ಲಿ ಇನ್ನೂ ಶಾಂತಿ ಬಂದಿಲ್ಲವೆಂದು ಹೇಳಿ ಅದನ್ನು ನಿರಾಕರಿಸಿದ.

ಮಂತ್ರಿಗೆ ಶಾಂತಿಯ ಪಾರಿತೋಷಕ ಸಿಕ್ಕಿತು. ಭತ್ತದ ಗದ್ದೆಯ ಕೆಸರಿನಲ್ಲಿ ಬಂದೂಕು ಹೊತ್ತು ನಡೆದ ಹುಡುಗನಿಗೆ ಏನು ಸಿಕ್ಕಿತು? ಊರಿಗೆ ಮರಳಿದ ಮೇಲೂ ಅವನಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ನೆಮ್ಮದಿಯಿಲ್ಲ. ಇಂಥವನ ಮಾತು ಬಂದಾಗ ನಾಲ್ಕು ಜನ ಹೇಳುವುದು ಇಷ್ಟೇ: “ಪಾಪ, ಅವನ ಹಣೆಬರಹ. ಡಾಕ್ಟರಿಗೆ ತೋರಿಸಲಿ, ದೇವರನ್ನು ನೆನೆಯಲಿ, ಹಳೆಯದನ್ನೆಲ್ಲ ಮರೆಯಲಿ.” ಶಾಂತಿ ಅವನ ಸ್ವಂತ ವ್ಯವಹಾರ, ಅವನೇ ಹುಡುಕಿಕೊಳ್ಳಬೇಕು ಎಂಬುದು ಈ ಮಾತಿನ ಒಳಗಿನ ಅರ್ಥ. ಇದನ್ನು ನಾವು ಒಪ್ಪಕೂಡದು. ಯುದ್ಧವನ್ನು ಇಡೀ ದೇಶದ ಹೆಸರಿನಲ್ಲಿ ಮಾಡಿಸುತ್ತಾರೆ. ಹಾಗಾದರೆ ಅದರ ಗಾಯವೂ ಇಡೀ ದೇಶದ ಲೆಕ್ಕಕ್ಕೇ ಸೇರಬೇಕು. ಅಂಗಡಿಯ ಕಿರ್ದಿಯಲ್ಲಿ ಲಾಭವನ್ನು ಒಬ್ಬ ಪಾಲುದಾರನ ಹೆಸರಿಗೂ ನಷ್ಟವನ್ನು ಇನ್ನೊಬ್ಬನ ಹೆಸರಿಗೂ ಬರೆದರೆ ಅದನ್ನು ನಾವು ಮೋಸವೆನ್ನುತ್ತೇವೆ. ಯುದ್ಧದ ಕಿರ್ದಿಯನ್ನು ಮಾತ್ರ ಹಾಗೆಯೇ ಬರೆಯಲು ಏಕೆ ಬಿಡಬೇಕು?

ದುಡ್ಡಿಗಾಗಲಿ ಆಸ್ಪತ್ರೆಗಾಗಲಿ ಕೊರತೆಯಿಲ್ಲದ ದೇಶ ಅಮೆರಿಕ. ವಿಯಟ್ನಾಮಿನಿಂದ ಅಲ್ಲಿಗೆ ಮರಳಿದ ಸಿಪಾಯಿಗಳ ಪಾಡೇನಾಯಿತು, ಅವರಲ್ಲಿ ಕೆಲವರಿಗೆ ಕೊನೆಗೆ ನೆಮ್ಮದಿ ಸಿಕ್ಕಿದ್ದು ಎಲ್ಲಿ ಎಂದು ನೋಡಿದರೆ ಈ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು, ಹೋದವರು ಯಾರು ಎಂದು ಕೇಳೋಣ. ಅಮೆರಿಕದಲ್ಲಿ ಆಗ ಕಡ್ಡಾಯ ಸೈನ್ಯಭರ್ತಿಯಿತ್ತು. ಹದಿನೆಂಟು ತುಂಬಿದ ಪ್ರತಿಯೊಬ್ಬ ಹುಡುಗನೂ ಹೆಸರು ಬರೆಸಬೇಕು. ಕಾಯಿದೆ ಎಲ್ಲರಿಗೂ ಒಂದೇ. ಆದರೆ ಕಾಯಿದೆಯ ಗೋಡೆಯಲ್ಲೊಂದು ಕಿಂಡಿ. ಯುದ್ಧದ ಬಹುಕಾಲ, ಕಾಲೇಜಿನಲ್ಲಿ ಓದುತ್ತಿರುವವನು ಮುಂದೂಡಿಕೆ ಪಡೆಯಬಹುದಾಗಿತ್ತು. ಕಾಲೇಜಿನ ಫೀಸು ಕಟ್ಟುವ ಶಕ್ತಿಯಿದ್ದ ಮನೆಯ ಮಗ ಪುಸ್ತಕ ಹಿಡಿದ. ಕಾರ್ಖಾನೆಯ ಕೂಲಿಯ ಮಗ, ಸಣ್ಣ ರೈತನ ಮಗ, ಕರಿಯರ ಕೇರಿಯ ಮಗ ಬಂದೂಕು ಹಿಡಿದ. ಡಿಕ್ ಚೇನಿ ಎಂಬಾತ ಐದು ಸಲ ಮುಂದೂಡಿಕೆ ಪಡೆದು ಮನೆಯಲ್ಲೇ ಉಳಿದ. ಮುಂದೆ ಅವನೇ ಆ ದೇಶದ ರಕ್ಷಣಾ ಮಂತ್ರಿಯಾದ, ಉಪಾಧ್ಯಕ್ಷನೂ ಆದ. 2003ರಲ್ಲಿ ಇರಾಕಿನ ಮೇಲೆ ಬೀಳಲು ಇತರರ ಮಕ್ಕಳನ್ನು ಕಳಿಸಬೇಕೆಂದು ಹಟ ಹಿಡಿದವರಲ್ಲಿ ಅವನೇ ಮುಂದಿದ್ದ. ಯುದ್ಧಕ್ಕೆ ಕೈ ಎತ್ತುವವನು ಬೇರೆ, ಯುದ್ಧಕ್ಕೆ ಕಾಲು ಕಳೆದುಕೊಳ್ಳುವವನು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸುಮಾರು 27 ಲಕ್ಷ ಅಮೆರಿಕನರು ವಿಯಟ್ನಾಮಿನಲ್ಲಿ ದುಡಿದು ಬಂದರು. 58,000ಕ್ಕೂ ಹೆಚ್ಚು ಮಂದಿ ಬರಲಿಲ್ಲ. ಎದುರು ಬದಿಯ ಲೆಕ್ಕ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ವಿಯಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಅಂದಾಜಿನಂತೆ ಸತ್ತ ಸಾಮಾನ್ಯ ಜನರೇ 20 ಲಕ್ಷ, ಅವರ ಕಡೆಯ ಹೋರಾಟಗಾರರು 11 ಲಕ್ಷ. ಸಿಪಾಯಿಯ ನೋವಿನ ಮಾತಾಡುವಾಗ ಈ ಹೆಣಗಳನ್ನು ನಾವು ಮರೆಯುವ ಹಾಗಿಲ್ಲ. ಸಿಪಾಯಿಯೂ ಅವನ್ನು ಮರೆಯಲಾರದೆ ಹೋದ. ಅವನ ಕಾಯಿಲೆಯ ಬೇರು ಇರುವುದೇ ಅಲ್ಲಿ.

ಎರಡನೆಯ ಮಹಾಯುದ್ಧ ಮುಗಿದಾಗ ಸಿಪಾಯಿಗಳು ಹಡಗಿನಲ್ಲಿ ಒಟ್ಟಾಗಿ ಮರಳಿದ್ದರು. ಜೊತೆಗಾರರೊಡನೆ ದಿನಗಟ್ಟಲೆ ಮಾತಾಡಿ, ಅತ್ತು, ಜಗಳಾಡಿ ಎದೆ ಹಗುರ ಮಾಡಿಕೊಳ್ಳುವಷ್ಟು ಸಮಯವಾದರೂ ಇತ್ತು. ವಿಯಟ್ನಾಮಿನ ಸಿಪಾಯಿಗೆ ಸಾಮಾನ್ಯವಾಗಿ ಒಂದು ವರ್ಷದ ಪಾಳಿ. ಅವಧಿ ಮುಗಿದವನನ್ನು ಒಬ್ಬಂಟಿಯಾಗಿ ವಿಮಾನಕ್ಕೆ ಹತ್ತಿಸಿದರು. ಮೊನ್ನೆ ಗೆಳೆಯನ ಹೆಣ ಹೊತ್ತವನು ಇವತ್ತು ತಾಯಿಯ ಅಡಿಗೆಮನೆಯಲ್ಲಿ ಊಟಕ್ಕೆ ಕೂತ. ಬಾಗಿಲು ಬಡಿದರೆ ನೆಲಕ್ಕೆ ಬೀಳುತ್ತಾನೆ. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾನೆ. ಹೆಂಡತಿ ನಿದ್ದೆಯಲ್ಲಿ ಮುಟ್ಟಿದರೆ ಕುತ್ತಿಗೆಗೆ ಕೈ ಹಾಕುತ್ತಾನೆ. ಎಚ್ಚರವಾದ ಮೇಲೆ ನಾಚಿಕೆಯಿಂದ ಕುಡಿಯುತ್ತಾನೆ.

ನೇಯ್ಗೆ ಖಾತೆಯಲ್ಲಿ ದುಡಿಯುವ ನಮ್ಮ ಸಂಗಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಳಿ ಮುಗಿಸಿ ಮನೆಗೆ ಬಂದು ಚಾಪೆಯ ಮೇಲೆ ಒರಗಿದರೂ ಮಗ್ಗದ ಸದ್ದು ಕಿವಿಯೊಳಗೆ ನಡೆದೇ ಇರುತ್ತದೆ. ಗಿರಣಿ ದೂರದಲ್ಲಿದೆ, ಯಂತ್ರ ನಿಂತಿದೆ. ಮೈಗೆ ಮಾತ್ರ ಅದು ಗೊತ್ತಿಲ್ಲ. ಸಿಪಾಯಿಯ ಮೈಗೂ ಯುದ್ಧ ನಿಂತಿರುವುದು ಗೊತ್ತಿಲ್ಲ.

ಇದಕ್ಕೆ ಆಳುವವರು ಇಟ್ಟ ಹೆಸರುಗಳ ಕತೆ ಕೇಳಿ. ಮೊದಲನೆಯ ಮಹಾಯುದ್ಧದಲ್ಲಿ ಇದನ್ನು ಸಿಡಿಗುಂಡಿನ ಆಘಾತವೆಂದರು. ಕೆಲವರಿಗೆ ಔಷಧಿ ಕೊಟ್ಟರು, ಕೆಲವರನ್ನು ಹೇಡಿಗಳೆಂದರು. ಆ ಯುದ್ಧದಲ್ಲಿ ಓಡಿಹೋದದ್ದು, ಹೇಡಿತನ ತೋರಿದ್ದು ಮುಂತಾದ ಆಪಾದನೆಗಳ ಮೇಲೆ ಬ್ರಿಟಿಷ್ ಸೈನ್ಯ ಗುಂಡಿಟ್ಟು ಕೊಂದ 306 ಮಂದಿಗೆ ಬ್ರಿಟನ್ ಸರ್ಕಾರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ, ತೊಂಬತ್ತು ವರ್ಷಗಳ ತರುವಾಯ. ಅವರಲ್ಲಿ ಮನಸ್ಸು ಮುರಿದಿದ್ದವರು ಇದ್ದರೆಂದು ಒಪ್ಪಿಕೊಳ್ಳಲು ಅಷ್ಟು ಕಾಲ ಹಿಡಿಯಿತು. ಅಮೆರಿಕದ ಮನೋವೈದ್ಯರ ಸಂಘ 1952ರ ತನ್ನ ಕೈಪಿಡಿಯಲ್ಲಿ ಯುದ್ಧದಂಥ ಘೋರ ಸಂಕಟದಿಂದಾಗುವ ಮನೋವಿಕಾರಕ್ಕೆ ಒಂದು ಸ್ಥಾನ ಕೊಟ್ಟಿತ್ತು. 1968ರಲ್ಲಿ, ವಿಯಟ್ನಾಂ ಯುದ್ಧ ಅತಿ ಭೀಕರವಾಗಿ ಉರಿಯುತ್ತಿದ್ದ ವರ್ಷದಲ್ಲೇ, ಕೈಪಿಡಿಯ ಹೊಸ ಮುದ್ರಣದಿಂದ ಅದನ್ನು ಕೈಬಿಟ್ಟರು. ಹೆಸರಿಲ್ಲದ ಕಾಯಿಲೆಗೆ ಔಷಧಿಯಿಲ್ಲ, ರಜೆಯಿಲ್ಲ, ಪರಿಹಾರವಿಲ್ಲ.

ಆ ಹೆಸರನ್ನು ಮತ್ತೆ ಬರೆಸಿದವರು ಸಿಪಾಯಿಗಳೇ. ಯುದ್ಧವನ್ನು ವಿರೋಧಿಸುವ ವಿಯಟ್ನಾಂ ಸಿಪಾಯಿಗಳ ಸಂಘ 1967ರಲ್ಲಿ ಹುಟ್ಟಿತು. 1970ರ ಕೊನೆಯ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಈ ಸಂಘದವರು ವಾರವಾರ ಒಂದೆಡೆ ಕೂತು ತಮ್ಮ ತಮ್ಮೊಳಗೆ ಮಾತಾಡತೊಡಗಿದರು. ಕಂಡದ್ದು, ಮಾಡಿದ್ದು, ಮಾಡಬಾರದಿದ್ದದ್ದು ಎಲ್ಲವೂ ಅಲ್ಲಿ ಹೊರಬಂತು. ರಾಬರ್ಟ್ ಲಿಫ್ಟನ್, ಚೈಮ್ ಶಾಟನ್ ಎಂಬ ಇಬ್ಬರು ಮನೋವೈದ್ಯರು ಅವರ ಜೊತೆ ಕೂತು ಕೇಳಿದರು. ಆ ಕೂಟಗಳಲ್ಲಿ ವೈದ್ಯನಿಗೆ ಎತ್ತರದ ಕುರ್ಚಿಯಿರಲಿಲ್ಲ. ಸಂಘಟಿತರಾದ ಸಿಪಾಯಿಗಳು ಒಬ್ಬರಿಗೊಬ್ಬರು ವೈದ್ಯರಾದರು. ಇಂಥ ಕೂಟಗಳ ಒತ್ತಾಯದಿಂದ 1979ರಲ್ಲಿ ಸರ್ಕಾರ ಊರೂರಿನಲ್ಲಿ ಮಾಜಿ ಸಿಪಾಯಿಗಳ ಸಲಹಾಕೇಂದ್ರಗಳನ್ನು ತೆರೆಯಬೇಕಾಯಿತು. 1980ರಲ್ಲಿ ವೈದ್ಯರ ಕೈಪಿಡಿಯೂ ಆಘಾತದ ನಂತರ ಉಳಿಯುವ ಈ ಮನೋವ್ಯಾಧಿಯನ್ನು ಒಪ್ಪಿಕೊಂಡಿತು. ಸರ್ಕಾರವೇ ಮಾಡಿಸಿದ ಸಮೀಕ್ಷೆಯ ಫಲ 1988ರಲ್ಲಿ ಹೊರಬಿತ್ತು: ಯುದ್ಧ ಕಂಡು ಬಂದ ನೂರು ಗಂಡಸರಲ್ಲಿ ಸುಮಾರು 15 ಮಂದಿ ಆಗಲೂ ನರಳುತ್ತಿದ್ದರು; ಸುಮಾರು 30 ಮಂದಿ ಒಂದಲ್ಲ ಒಂದು ಕಾಲದಲ್ಲಿ ನರಳಿದ್ದರು.

ಮಾತಾಡುವುದು ಮೊದಲ ಮೆಟ್ಟಿಲು. ಸತ್ಯವನ್ನು ದೇಶದ ಮುಂದೆ ಹೇಳುವುದು ಎರಡನೆಯದು. 1971ರ ಏಪ್ರಿಲ್ 23ರಂದು ಸುಮಾರು 800 ಮಂದಿ ಸಿಪಾಯಿಗಳು ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಸಾಲುಗಟ್ಟಿದರು. ಕೆಲವರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಒಬ್ಬೊಬ್ಬನಾಗಿ ಮುಂದೆ ಬಂದು ತನಗೆ ಕೊಟ್ಟಿದ್ದ ಪದಕಗಳನ್ನು ಬೇಲಿಯಾಚೆ ಭವನದ ಮೆಟ್ಟಿಲ ಕಡೆಗೆ ಎಸೆದರು. ಪದಕದ ಬೆಲೆ ತಿಳಿಯದ ಜನ ಅವರಾಗಿರಲಿಲ್ಲ. ಅದಕ್ಕಾಗಿ ರಕ್ತ ಸುರಿಸಿದವರು. ಪದಕ ಎದೆಯ ಮೇಲಿರುವವರೆಗೆ ಎದೆಯೊಳಗಿನದು ಹೊರಗೆ ಬರುವ ಹಾಗಿಲ್ಲ ಎಂದು ಅವರಿಗೆ ತಿಳಿದಿತ್ತು.

ಸತ್ಯ ಹೇಳಿದವನಿಗೆ ದೇಶ ಏನು ಕೊಡುತ್ತದೆ ಎಂಬುದಕ್ಕೆ ಹ್ಯೂ ಥಾಂಪ್ಸನ್ನನ ಬಾಳನ್ನು ನೋಡಿ. 1968ರ ಮಾರ್ಚ್ 16ರಂದು ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸಿಪಾಯಿಗಳು ಮುದುಕರು, ಹೆಂಗಸರು, ಹಸುಗೂಸುಗಳೆನ್ನದೆ ಕೊಲ್ಲುತ್ತಿದ್ದರು. ವಿಯಟ್ನಾಮಿನವರ ಲೆಕ್ಕದಂತೆ ಅಂದು ಸತ್ತವರು 504. ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನ ಚಾಲಕ ಥಾಂಪ್ಸನ್‌ಗೆ ಆಗ 24 ವಯಸ್ಸು. ಕೊಲ್ಲಲು ಬರುತ್ತಿದ್ದ ತನ್ನವರಿಗೂ ಅಡಗಿ ಕೂತಿದ್ದ ಹಳ್ಳಿಗರಿಗೂ ನಡುವೆ ಅವನು ಹೆಲಿಕಾಪ್ಟರನ್ನು ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಎಂದು ತನ್ನ ಇಬ್ಬರು ಜೊತೆಗಾರರಿಗೆ ಹೇಳಿದ. ಹಳ್ಳಿಗರನ್ನು ವಿಮಾನ ಹತ್ತಿಸಿ ಕಳಿಸಿದ. ಹೆಣಗಳ ಗುಂಡಿಯಿಂದ ಒಂದು ಮಗುವನ್ನೂ ಉಳಿಸಿದರು. ಊರಿಗೆ ಬಂದು ಸಾಕ್ಷಿ ಹೇಳಿದವನಿಗೆ ಕೊಲೆಬೆದರಿಕೆಗಳು ಬಂದವು. ಮನೆಯ ಜಗಲಿಯ ಮೇಲೆ ಸತ್ತ ಪ್ರಾಣಿಗಳನ್ನು ಎಸೆದು ಹೋದರು. ಕುಡಿತ ಹತ್ತಿತು, ಸಂಸಾರ ಮುರಿಯಿತು, ಕೆಟ್ಟ ಕನಸು ಬಿಡಲಿಲ್ಲ. ಇಡೀ ಹತ್ಯಾಕಾಂಡಕ್ಕೆ ಶಿಕ್ಷೆಯಾದದ್ದು ವಿಲಿಯಂ ಕ್ಯಾಲಿ ಎಂಬ ಒಬ್ಬ ಕೆಳದರ್ಜೆಯ ಅಧಿಕಾರಿಗೆ ಮಾತ್ರ. ಅವನೂ ಕೆಲವು ವರ್ಷಗಳ ಕಾಲ ಬಹುಮಟ್ಟಿಗೆ ಗೃಹಬಂಧನದಲ್ಲಿದ್ದು ಹೊರಗೆ ಬಂದ. ಥಾಂಪ್ಸನ್ ಮಾಡಿದ್ದು ಶೌರ್ಯವೆಂದು ಸೈನ್ಯ ಪದಕ ಕೊಟ್ಟು ಒಪ್ಪಿಕೊಂಡದ್ದು 1998ರಲ್ಲಿ, ಮೂವತ್ತು ವರ್ಷಗಳ ಮೇಲೆ.

ಅದೇ ವರ್ಷ ಆತ ಮೈ ಲಾಯ್‌ಗೆ ಮರಳಿ ಹೋದ. ತಾನು ಉಳಿಸಿದವರಲ್ಲಿ ಒಬ್ಬ ಹೆಂಗಸು ಅವನ ಬಳಿ ಬಂದು, ಅಂದು ಕೊಂದವರು ನಿನ್ನ ಜೊತೆ ಏಕೆ ಬರಲಿಲ್ಲ ಎಂದು ಕೇಳಿದಳಂತೆ. ಥಾಂಪ್ಸನ್ ಎದೆಯೊಡೆದು ನಿಂತ. ಬಂದಿದ್ದರೆ ನಾವು ಅವರನ್ನು ಕ್ಷಮಿಸಬಹುದಾಗಿತ್ತು ಎಂದು ಆಕೆ ಮಾತು ಮುಗಿಸಿದಳು. ಈ ಪ್ರಸಂಗವನ್ನು ಆತನೇ ಆಮೇಲೆ ಹೇಳಿಕೊಂಡಿದ್ದಾನೆ. ಕೊಂದವನು ಲೋಕವೆಲ್ಲ ಹುಡುಕಿದ ಶಾಂತಿ, ಅವನು ತಲೆ ತಗ್ಗಿಸಿ ಹೋಗಿದ್ದರೆ ಸಿಗುತ್ತಿದ್ದ ಜಾಗದಲ್ಲೇ ಮೂವತ್ತು ವರ್ಷ ಕಾದಿತ್ತು!

ಹಾಗೆ ಹೋದ ಕೆಲವರು ಇದ್ದಾರೆ. ಜಾರ್ಜ್ ಮೈಜೋ ಎಂಬ ಸಿಪಾಯಿಯ ತುಕಡಿ ವಿಯಟ್ನಾಮಿನಲ್ಲಿ ನಾಶವಾಗಿತ್ತು. ವರ್ಷಗಳು ಕಳೆದ ಮೇಲೆ ಅವನು ಆ ದೇಶಕ್ಕೆ ಹೋಗಿ, ಹಿಂದೆ ಎದುರಾಳಿ ಸೈನ್ಯದಲ್ಲಿದ್ದವರ ಜೊತೆಗೂಡಿ, ಹನೋಯ್ ನಗರದ ಬಳಿ ಸ್ನೇಹಗ್ರಾಮವೊಂದನ್ನು ಕಟ್ಟಿಸಿದ. 1998ರಲ್ಲಿ ತೆರೆದ ಈ ಗ್ರಾಮದಲ್ಲಿ ಯುದ್ಧದ ವಿಷದಿಂದ ಅಂಗವಿಕಲರಾಗಿ ಹುಟ್ಟಿದ ಮಕ್ಕಳಿಗೂ ವಿಯಟ್ನಾಮಿನ ಮುದಿ ಸಿಪಾಯಿಗಳಿಗೂ ಆಶ್ರಯ ಸಿಕ್ಕಿತು. ಚಕ್ ಸೀರ್ಸಿ ಎಂಬ ಇನ್ನೊಬ್ಬ 1995ರಲ್ಲಿ ಅಲ್ಲಿಗೇ ಹೋಗಿ ನೆಲಸಿದ. ಕ್ವಾಂಗ್ ತ್ರಿ ಪ್ರಾಂತದಲ್ಲಿ ಸಿಡಿಯದೆ ಉಳಿದ ಬಾಂಬುಗಳನ್ನು ತೆಗೆಯುವ ಸಂಸ್ಥೆಯನ್ನು 2001ರಲ್ಲಿ ಕಟ್ಟಿದವರಲ್ಲಿ ಅವನೊಬ್ಬ. ಅಮೆರಿಕ ಇಂಡೋಚೀನದ ಮೇಲೆ ಸುರಿದ ಬಾಂಬು 70 ಲಕ್ಷ ಟನ್ನಿಗೂ ಮಿಗಿಲು. ಯುದ್ಧ ಮುಗಿದ ಮೇಲೆ ಉಳಿದ ಬಾಂಬುಗಳು ಸಿಡಿದು ಸತ್ತ, ಗಾಯಗೊಂಡ ವಿಯಟ್ನಾಮಿಗಳು ಒಂದು ಲಕ್ಷ ದಾಟುತ್ತಾರೆ. ಹೊಲ ಉಳುವವನ ನೇಗಿಲಿಗೆ, ಆಡುವ ಮಗುವಿನ ಕೈಗೆ ಸಿಕ್ಕಿ ಸಿಡಿದವು ಅವು. ಹಾಕಿದವರ ಮಗ್ಗುಲಲ್ಲಿ ನಿಂತಿದ್ದವನೇ ಬಂದು ಅವನ್ನು ಒಂದೊಂದಾಗಿ ತೆಗೆಸಿದ. ಮರೆಯಲು ಹೊರಟವನಿಗೆ ಸಿಗದ ನೆಮ್ಮದಿ, ಕೆಡಿಸಿದ್ದನ್ನು ಸರಿಮಾಡಲು ಹೋದವನಿಗೆ ಸಿಕ್ಕಿತು.

ಆದರೆ ಇದನ್ನೆಲ್ಲ ಸಿಪಾಯಿಯೇ ತನ್ನ ಕೈಯಿಂದ, ತನ್ನ ಆಯುಷ್ಯದಿಂದ ತೆರಬೇಕೇ? ಲಾಭ ಹೊಡೆದವರೆಲ್ಲಿ? 1961ರಿಂದ 1971ರವರೆಗೆ ವಿಯಟ್ನಾಮಿನ ಕಾಡು ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಗಿಡನಾಶಕ ವಿಷ ಸುರಿದರು. ಅದನ್ನು ತಯಾರಿಸಿ ಮಾರಿದವು ಡೌ, ಮೊನ್ಸಾಂಟೊ ಮೊದಲಾದ ಕಂಪನಿಗಳು. ಮೇಲಿನಿಂದ ಬಿದ್ದ ವಿಷಕ್ಕೆ ಈ ಸೈನ್ಯ, ಆ ಸೈನ್ಯ ಎಂಬ ಭೇದ ತಿಳಿಯಲಿಲ್ಲ. ವಿಯಟ್ನಾಮಿನ ರೈತನಿಗೂ ಅಮೆರಿಕದ ಸಿಪಾಯಿಗೂ ರೋಗ ಬಂತು. ಅಮೆರಿಕದ ಸಿಪಾಯಿಗಳು ಹೂಡಿದ ದಾವೆಯನ್ನು ಕಂಪನಿಗಳು 1984ರಲ್ಲಿ 18 ಕೋಟಿ ಡಾಲರು ಕೊಟ್ಟು, ತಪ್ಪನ್ನು ಮಾತ್ರ ಒಪ್ಪದೆ, ಮುಗಿಸಿಕೊಂಡವು. ವಿಯಟ್ನಾಮಿನವರು ಹೂಡಿದ ದಾವೆಯನ್ನು ಅಮೆರಿಕದ ನ್ಯಾಯಾಲಯ 2005ರಲ್ಲಿ ತಳ್ಳಿಹಾಕಿತು. ಆ ಕಂಪನಿಗಳ ಮಾಲೀಕರು ನಿದ್ದೆಗೆಟ್ಟ ಸುದ್ದಿ ಎಲ್ಲಿಯೂ ಬಂದಿಲ್ಲ.

ಕೇಳದೆ ಯಾವ ಸರ್ಕಾರವೂ ಸಿಪಾಯಿಯ ಸಾಲ ತೀರಿಸುವುದಿಲ್ಲ ಎಂಬುದಕ್ಕೂ ಅಮೆರಿಕದಲ್ಲೇ ಹಳೆಯ ಉದಾಹರಣೆಯಿದೆ. ಮೊದಲನೆಯ ಮಹಾಯುದ್ಧದಲ್ಲಿ ದುಡಿದವರಿಗೆ 1924ರಲ್ಲಿ ಬೋನಸ್ಸಿನ ಪತ್ರ ಕೊಟ್ಟು, ಹಣ ಮಾತ್ರ 1945ರಲ್ಲಿ ಎಂದಿದ್ದರು. 1932ರಲ್ಲಿ ಕೆಲಸವಿಲ್ಲ, ರೊಟ್ಟಿಯಿಲ್ಲ. ಸಾವಿರಾರು ಮಾಜಿ ಸಿಪಾಯಿಗಳು ಹೆಂಡಿರು ಮಕ್ಕಳೊಡನೆ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿ ಕೂತರು. ಜುಲೈ 28ರಂದು ಪೋಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅಂದೇ ಜನರಲ್ ಮೆಕಾರ್ಥರ್ ಕುದುರೆ ಪಡೆ, ಟ್ಯಾಂಕು, ಅಶ್ರುವಾಯು ತಂದು ತನ್ನದೇ ದೇಶದ ಹಳೆಯ ಸಿಪಾಯಿಗಳನ್ನು ಓಡಿಸಿದ, ಗುಡಿಸಲುಗಳು ಸುಟ್ಟುಹೋದವು. ಆದರೂ ಅವರು ಕೈಬಿಡಲಿಲ್ಲ. 1936ರಲ್ಲಿ ಅಧ್ಯಕ್ಷನ ನಿರಾಕರಣೆಯನ್ನೂ ಮೀರಿ ಸಂಸತ್ತು ಹಣ ಮಂಜೂರು ಮಾಡಿತು. 1944ರಲ್ಲಿ ಮರಳುವ ಸಿಪಾಯಿಗೆ ಓದು, ಮನೆಯ ಸಾಲ, ನಿರುದ್ಯೋಗ ಭತ್ಯೆ ಕೊಡುವ ಕಾಯಿದೆ ಬಂದದ್ದರ ಹಿಂದೆ, ಇಂಥ ದೃಶ್ಯ ಮತ್ತೆ ನಡೆದೀತೆಂಬ ಆಳುವವರ ಭಯವೂ ಇತ್ತು.

“ಸಿಪಾಯಿ ಸಂಬಳ ತೆಗೆದುಕೊಂಡಿಲ್ಲವೇ? ಇನ್ನೇನು ಸಾಲ?” ಎನ್ನುವವರಿದ್ದಾರೆ. ಗಿರಣಿಯ ಕಾರ್ಮಿಕನೂ ಸಂಬಳ ತೆಗೆದುಕೊಳ್ಳುತ್ತಾನೆ. ಆದರೂ ಯಂತ್ರಕ್ಕೆ ಬೆರಳು ಸಿಕ್ಕಿದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1923ರಲ್ಲೇ, ಪರಕೀಯರ ಆಳ್ವಿಕೆಯಲ್ಲೇ ಬಂತು. ಸಂಬಳ ದುಡಿಮೆಗೆ ಕೊಟ್ಟದ್ದು, ಬೆರಳಿಗೆ ಕೊಟ್ಟದ್ದಲ್ಲ. ಮನಸ್ಸು ಬೆರಳಿಗಿಂತ ಅಗ್ಗವೇ? ಇಂಥ ಮಾತಿನಿಂದ ಸೈನ್ಯದ ಸ್ಥೈರ್ಯ ಕುಗ್ಗುತ್ತದೆ ಎನ್ನುವವರೂ ಇದ್ದಾರೆ. ಮೈ ಲಾಯ್‌ನಲ್ಲಿ ಸೈನ್ಯದ ಮಾನ ಉಳಿಸಿದವನು ಬಾಯಿ ಮುಚ್ಚಿ ಕೂತವನಲ್ಲ, ಬಾಯಿ ಬಿಟ್ಟವನು ಎಂಬುದನ್ನು ಅವರು ನೆನೆಯಲಿ.

ನಮ್ಮ ದೇಶದಲ್ಲಿ ಕಡ್ಡಾಯ ಭರ್ತಿಯಿಲ್ಲ, ನಿಜ. ಆದರೆ ಹೊಲ ಸಾಲದ, ಕೆಲಸ ಸಿಗದ ಮನೆಯ ಹುಡುಗನನ್ನು ಭರ್ತಿಯ ಮೈದಾನಕ್ಕೆ ಓಡಿಸುವುದು ಬಡತನವೂ ಹೌದು. ಕೇಂದ್ರ ಸರ್ಕಾರ 2022ರಲ್ಲಿ ತಂದ ಅಗ್ನಿಪಥ ಯೋಜನೆಯಂತೆ ಹೀಗೆ ಸೇರಿದವನಿಗೆ ನಾಲ್ಕೇ ವರ್ಷದ ಸೇವೆ. ನೂರರಲ್ಲಿ 25 ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಗಂಟು, ಪಿಂಚಣಿಯಿಲ್ಲ. ಗಡಿಯಲ್ಲಿ ಏನೇನು ಕಂಡು ಬಂದನೋ, ಇಪ್ಪತ್ತೈದು ತುಂಬುವ ಹೊತ್ತಿಗೆ ಆ ಹುಡುಗ ನಮ್ಮ ಪೇಟೆಗೇ ಬಂದು ಕೆಲಸ ಕೇಳುತ್ತಾನೆ. ಬ್ಯಾಂಕಿನ ಬಾಗಿಲಲ್ಲಿ ಮತ್ತೆ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುವುದಕ್ಕಿಂತ ಬೇರೆ ಬಾಳನ್ನು ಅವನಿಗೆ ನಾವು ತೋರಿಸಬಲ್ಲೆವೇ? ವರ್ಷಕ್ಕೊಮ್ಮೆ ಡಿಸೆಂಬರ್ 7ರಂದು ಅಂಗಿಗೆ ಬಾವುಟದ ಚೀಟಿ ಚುಚ್ಚಿಕೊಂಡು ಡಬ್ಬಿಗೆ ನಾಣ್ಯ ಹಾಕಿದರೆ ನಮ್ಮ ಬಾಧ್ಯತೆ ತೀರುವುದಿಲ್ಲ.

ನಾವು ಕೇಳಬೇಕಾದದ್ದು ಮೂರು. ಒಂದು, ಎಷ್ಟೇ ವರ್ಷ ಸೇವೆ ಮಾಡಿರಲಿ, ಮರಳಿದ ಸಿಪಾಯಿಗೆ ಕೆಲಸವೂ ವೈದ್ಯವೂ ಹಕ್ಕಾಗಿ ಸಿಗಬೇಕು, ಭಿಕ್ಷೆಯಾಗಿ ಅಲ್ಲ. ಮನಸ್ಸಿನ ಗಾಯವನ್ನು ಮೈಯ ಗಾಯದ ಸಮಕ್ಕೆ ಎಣಿಸಬೇಕು. ಎರಡು, ಅವನೂ ಅವನ ಹೆಂಡತಿಯೂ ಹೆದರದೆ ಬಂದು ಕೂತು ಮಾತಾಡುವ ಸ್ಥಳವೊಂದು ಪ್ರತಿ ತಾಲ್ಲೂಕಿನಲ್ಲಿ ಇರಬೇಕು. ಅದನ್ನು ನಡೆಸುವುದರಲ್ಲಿ ಮಾಜಿ ಸಿಪಾಯಿಗಳಿಗೇ ಕೈ ಇರಬೇಕು. ಮೂರು, ಕಂಡದ್ದನ್ನು ಕಂಡಂತೆ ಹೇಳಿದ ಸಿಪಾಯಿಗೆ ಕಾನೂನಿನ ರಕ್ಷಣೆ ಬೇಕು.

ಸರ್ಕಾರ ಕೊಡುವವರೆಗೆ ನಾವು ಕೈ ಕಟ್ಟಿ ಕೂರುವುದೂ ಬೇಡ. ನ್ಯೂಯಾರ್ಕಿನ ಆ ಸಿಪಾಯಿಗಳು ಸರ್ಕಾರದ ಹುಕುಮಿಗಾಗಿ ಕಾಯಲಿಲ್ಲ. ಒಂದು ಕೋಣೆ, ನಾಲ್ಕು ಕುರ್ಚಿ, ಕೇಳುವ ಕಿವಿ ಇಷ್ಟರಿಂದಲೇ ಆರಂಭಿಸಿದರು. ನಮ್ಮ ಕಾರ್ಮಿಕ ಸಂಘಗಳಿಗೆ ಕೋಣೆಯುಂಟು, ವರ್ತಕರ ಸಂಘಕ್ಕೆ ಕುರ್ಚಿಗಳುಂಟು. ನಿಮ್ಮ ಓಣಿಯಲ್ಲಿ ಸೈನ್ಯದಿಂದ ಮರಳಿದವರು ಯಾರಿದ್ದಾರೆ ಎಂದು ಈ ವಾರ ವಿಚಾರಿಸಿ. ಗಿರಣಿಯಲ್ಲಿ ಕಾವಲುಗಾರನಾಗಿ ನಿಂತವನು, ಅಂಗಡಿಯ ಮುಂದೆ ಮಾತಿಲ್ಲದೆ ಬೀಡಿ ಸೇದುವವನು ಅವರಲ್ಲೊಬ್ಬನಿದ್ದಾನು. ಅವನನ್ನು ಸಂಘದ ಮುಂದಿನ ಸಭೆಗೆ ಕರೆತನ್ನಿ; ಮಾತಾಡಿದರೆ ಕೇಳಿ, ಸುಮ್ಮನಿದ್ದರೆ ಜೊತೆಯಲ್ಲಿ ಕೂರಿ. ಮೇಲಿನ ಮೂರು ಬೇಡಿಕೆಗಳ ನಿರ್ಣಯವನ್ನು ಅದೇ ಸಭೆಯಲ್ಲಿ ಮಂಡಿಸಿ, ಅವನ ಕೈಯಿಂದಲೇ ಮೊದಲ ಸಹಿ ಹಾಕಿಸಿ.